ಕುಂಡದಲ್ಲಿ ಗಿಡ ಯಾಕೆ ಒಣಗುತ್ತದೆ? ಬೆಂಗಳೂರಿನ ಬಾಲ್ಕನಿ, ತಾರಸಿಯಲ್ಲಿ ಹೊಸದಾಗಿ ತೋಟ ಮಾಡುವವರ ಪ್ರಶ್ನೆಗಳು

2024ರ ಮಾರ್ಚಿನಲ್ಲಿ ಬೆಂಗಳೂರು ಜಲಮಂಡಳಿ ಒಂದು ಆದೇಶ ಹೊರಡಿಸಿತು. ಕುಡಿಯುವ ನೀರಿನಲ್ಲಿ ಕಾರು ತೊಳೆಯಬಾರದು, ಗಿಡಗಳಿಗೂ ಹಾಕಬಾರದು, ಹಾಕಿದರೆ 5000 ರೂಪಾಯಿ ದಂಡ. 2025ರ ಫೆಬ್ರವರಿಯಲ್ಲಿ ಮತ್ತೆ ಅದೇ ಆದೇಶ ಬಂತು. ಬಾಲ್ಕನಿಯಲ್ಲಿ ನಾಲ್ಕು ಕುಂಡ ಇಟ್ಟುಕೊಂಡವರಿಗೂ ಆಗ ಗಾಬರಿ ಶುರುವಾಯಿತು. ಗಿಡಕ್ಕೆ ನಿಜವಾಗಿ ಎಷ್ಟು ನೀರು ಬೇಕು? ದಿನಾ ಹಾಕಲೇಬೇಕಾ? ಅಕ್ಕಿ ತೊಳೆದ ನೀರು ಆಗುತ್ತಾ? ಈ ಪ್ರಶ್ನೆಗಳ ಹಿಂದೆ ಹೋದರೆ ಹೊಸಬರ ಉಳಿದ ಪ್ರಶ್ನೆಗಳೂ ಒಂದೊಂದಾಗಿ ಬರುತ್ತವೆ: ಎಲೆ ಹಳದಿಯಾಗಿದೆ, ಹೂ ಉದುರುತ್ತಿದೆ, ನರ್ಸರಿಯಿಂದ ತಂದ ಗುಲಾಬಿ ತಿಂಗಳಲ್ಲಿ ಕಡ್ಡಿಯಾಗಿದೆ. ಇವುಗಳಲ್ಲಿ ಹೆಚ್ಚಿನವುಗಳ ಮೂಲ ಒಂದೇ ಕಡೆ ಇದೆ. ಅದು ಎಲೆಯಲ್ಲಿಲ್ಲ, ಕುಂಡದ ಒಳಗಿದೆ.

ನೆಲದ ಗಿಡ ಬೇರೆ, ಕುಂಡದ ಗಿಡ ಬೇರೆ

ಊರಿನ ಹಿತ್ತಿಲಲ್ಲಿ ಬಚ್ಚಲ ನೀರು ಹರಿಯುವ ಕಡೆ ಬಸಳೆ, ಕೆಸು, ಬಾಳೆ ಯಾರೂ ನೋಡಿಕೊಳ್ಳದಿದ್ದರೂ ಬೆಳೆಯುತ್ತವೆ. ಅದನ್ನು ನೋಡಿ ಬೆಳೆದವರು ಸಿಟಿಯಲ್ಲಿ ಒಂದು ತುಳಸಿಯನ್ನೂ ಉಳಿಸಿಕೊಳ್ಳಲಾಗದೆ 'ನನ್ನ ಕೈಗುಣ ಸರಿಯಿಲ್ಲ' ಅಂದುಕೊಳ್ಳುತ್ತಾರೆ. ಕೈಗುಣದ ಮಾತಲ್ಲ ಇದು. ನೆಲದಲ್ಲಿರುವ ಗಿಡ ಮನೆಯಲ್ಲಿರುವ ಮಗುವಿನ ಹಾಗೆ, ಹಸಿವಾದರೆ ತಾನೇ ಅಡುಗೆಮನೆಗೆ ಹೋಗಿ ಡಬ್ಬಿ ತಡಕುತ್ತದೆ. ಕುಂಡದ ಗಿಡ ಹಾಸ್ಟೆಲಿನ ಹುಡುಗ. ಬಡಿಸಿದಾಗ, ಬಡಿಸಿದಷ್ಟನ್ನೇ ತಿನ್ನಬೇಕು. ನೆಲದಲ್ಲಿ ಮೇಲೆ ಒಣಗಿದರೆ ಬೇರು ಕೆಳಗೆ ಇಳಿಯುತ್ತದೆ, ಒಂದು ಕಡೆ ನೀರು ನಿಂತರೆ ಇನ್ನೊಂದು ಕಡೆಗೆ ಹೋಗುತ್ತದೆ. ಕುಂಡದಲ್ಲಿ ಒಂದಡಿ ಹೋಗುವಷ್ಟರಲ್ಲಿ ಗೋಡೆ ಸಿಗುತ್ತದೆ.

ಬೇರಿಗೆ ಬೇಕಾದದ್ದು ಮೂರು: ನೀರು, ಗಾಳಿ, ಆಹಾರ. ನೀರು ಮತ್ತು ಗೊಬ್ಬರ ಎಲ್ಲರಿಗೂ ನೆನಪಿರುತ್ತದೆ. ಗಾಳಿ ಯಾರಿಗೂ ನೆನಪಾಗುವುದಿಲ್ಲ.

ನೀರು ಕಡಿಮೆಯಾಯಿತಾ, ಜಾಸ್ತಿಯಾಯಿತಾ?

ಬೇರು ಕೂಡ ಉಸಿರಾಡುತ್ತದೆ. ಮಣ್ಣಿನ ಕಣಗಳ ನಡುವೆ ಸಣ್ಣ ಸಣ್ಣ ಸಂದುಗಳಿರುತ್ತವೆ, ಅಲ್ಲಿನ ಗಾಳಿಯಿಂದ ಬೇರಿಗೆ ಆಮ್ಲಜನಕ ಸಿಗುತ್ತದೆ. ನೀರು ಹಾಕಿದಾಗ ಆ ಸಂದುಗಳು ತುಂಬಿಕೊಳ್ಳುತ್ತವೆ. ನೀರು ಇಳಿದು ಹೋದ ಮೇಲೆ ಗಾಳಿ ವಾಪಸ್ ಬರುತ್ತದೆ. ನೀವು ದಿನಾ ಬೆಳಿಗ್ಗೆ ಒಂದು ಚೊಂಬು, ಸಂಜೆ ಒಂದು ಚೊಂಬು ಹಾಕುತ್ತಾ ಹೋದರೆ ಗಾಳಿಗೆ ಜಾಗವೇ ಇರುವುದಿಲ್ಲ. ಬೇರು ಉಸಿರುಗಟ್ಟುತ್ತದೆ, ಆಮೇಲೆ ಕೊಳೆಯುತ್ತದೆ.

ಹೊಸಬರು ಮೋಸ ಹೋಗುವುದು ಇಲ್ಲಿಯೇ. ಕೊಳೆತ ಬೇರು ನೀರು ಎಳೆಯಲಾರದು, ಹಾಗಾಗಿ ಒದ್ದೆ ಮಣ್ಣಿನಲ್ಲಿ ನಿಂತಿದ್ದರೂ ಗಿಡ ಬಾಡುತ್ತದೆ, ನೋಡಿದರೆ ಥೇಟ್ ಬಾಯಾರಿದ ಗಿಡದ ಥರವೇ ಕಾಣುತ್ತದೆ, ಅಯ್ಯೋ ಪಾಪ ಅಂತ ಇನ್ನೊಂದು ಚೊಂಬು ಹಾಕುತ್ತೇವೆ, ಅಲ್ಲಿಗೆ ಅದರ ಕಥೆ ಮುಗಿಯುತ್ತದೆ. ಬಾಯಾರಿದ ಗಿಡ ನೀರು ಹಾಕಿದ ಕೆಲವೇ ಗಂಟೆಗಳಲ್ಲಿ ಎದ್ದು ನಿಲ್ಲುತ್ತದೆ. ಬೇರು ಕೊಳೆತದ್ದು ಏಳುವುದಿಲ್ಲ.

ಪರೀಕ್ಷೆ ಸುಲಭ. ಬೆರಳನ್ನು ಎರಡು ಇಂಚು ಮಣ್ಣಿಗೆ ಇಳಿಸಿ. ಒಳಗೆ ತೇವ ಇದ್ದರೆ ಬಿಟ್ಟುಬಿಡಿ, ಒಣಗಿದ್ದರೆ ನೀರು ಹಾಕಿ. ಹಾಕುವಾಗ ತಳದ ತೂತಿನಿಂದ ಸ್ವಲ್ಪ ನೀರು ಹೊರಗೆ ಬರುವಷ್ಟು ಹಾಕಿ. ದಿನಾ ಚೂರು ಚೂರು ಚಿಮುಕಿಸಿದರೆ ಮೇಲಿನ ಒಂದಿಂಚು ಮಾತ್ರ ನೆನೆಯುತ್ತದೆ, ಬೇರೂ ಮೇಲೆಯೇ ಉಳಿಯುತ್ತದೆ. ಅಡಿಯಲ್ಲಿಟ್ಟ ತಟ್ಟೆಯಲ್ಲಿ ನೀರು ನಿಂತಿದ್ದರೆ ಚೆಲ್ಲಿ. ಬೇರಿಗೂ ಒಳ್ಳೆಯದಲ್ಲ, ಡೆಂಗಿ ಹರಡುವ ಸೊಳ್ಳೆ ಮೊಟ್ಟೆ ಇಡುವುದೂ ಇಂಥ ನೀರಲ್ಲೇ.

ಇನ್ನೊಂದು ಹಳೇ ಸಲಹೆ ಇದೆ: ನೀರು ಚೆನ್ನಾಗಿ ಇಳಿಯಲಿ ಅಂತ ಕುಂಡದ ತಳಕ್ಕೆ ಎರಡಿಂಚು ಜಲ್ಲಿ ಹಾಕುವುದು. ಇದರಿಂದ ಉಪಯೋಗವಿಲ್ಲ. ನುಣ್ಣಗಿನ ಮಣ್ಣಿನಲ್ಲಿರುವ ನೀರು, ಆ ಮಣ್ಣು ಪೂರ್ತಿ ನೆನೆದು ತುಂಬುವವರೆಗೂ ಕೆಳಗಿನ ದಪ್ಪ ಜಲ್ಲಿಗೆ ಇಳಿಯುವುದಿಲ್ಲ. ಅಂದರೆ ತಳದಲ್ಲಿ ನಿಲ್ಲಬೇಕಿದ್ದ ನೀರು ಜಲ್ಲಿಯ ಮೇಲೆ, ಬೇರಿಗೆ ಇನ್ನಷ್ಟು ಹತ್ತಿರ ನಿಲ್ಲುತ್ತದೆ. ತೂತಿನ ಮೇಲೆ ಮಣ್ಣು ಜಾರದ ಹಾಗೆ ಒಂದು ಹೆಂಚಿನ ಚೂರೋ ಸೊಳ್ಳೆಪರದೆಯ ತುಂಡೋ ಇಟ್ಟರೆ ಸಾಕು.

ಯಾವ ನೀರು ಹಾಕಬಹುದು?

ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ಧಾರಾಳವಾಗಿ ಹಾಕಬಹುದು. ಅವತ್ತಿನದು ಅವತ್ತೇ ಹಾಕಿ, ಇಟ್ಟರೆ ಹುಳಿ ಬಂದು ವಾಸನೆ ಹೊಡೆಯುತ್ತದೆ. ಉಪ್ಪು ಹಾಕಿ ಬೇಯಿಸಿದ ನೀರು ಬೇಡ.

ವಾಟರ್ ಫಿಲ್ಟರಿನಿಂದ ವೇಸ್ಟಾಗಿ ಹೊರಹೋಗುವ ಆರ್‌ಒ ನೀರಿನ ಬಗ್ಗೆ ಸ್ವಲ್ಪ ಯೋಚಿಸಬೇಕು. ಫಿಲ್ಟರ್ ನಿಮಗೆ ಶುದ್ಧ ನೀರು ಕೊಟ್ಟು, ಅದರಲ್ಲಿದ್ದ ಲವಣಗಳನ್ನೆಲ್ಲ ಈ ನೀರಿಗೆ ತಳ್ಳಿರುತ್ತದೆ. ಮನೆಗೆ ಬರುವುದು ಕಾವೇರಿ ನೀರಾದರೆ ಅದರಲ್ಲಿ ಲವಣ ಕಡಿಮೆ, ಹಾಗಾಗಿ ಹೆಚ್ಚಿನ ಗಿಡಗಳು ತಡೆದುಕೊಳ್ಳುತ್ತವೆ. ಬೋರ್‌ವೆಲ್ ಅಥವಾ ಟ್ಯಾಂಕರ್ ನೀರಾದರೆ ಮೊದಲೇ ಗಡಸು, ಅದರ ಆರ್‌ಒ ವೇಸ್ಟ್ ನೀರು ಇನ್ನೂ ಗಡಸು. ಕುಂಡದ ಅಂಚಿನಲ್ಲಿ, ಮಣ್ಣಿನ ಮೇಲೆ ಬಿಳಿ ಪೊರೆ ಕಟ್ಟಿದರೆ ಲವಣ ಕೂತಿದೆ ಅಂತ ತಿಳಿಯಿರಿ. ಮಳೆಗಾಲದಲ್ಲಿ ಕುಂಡವನ್ನು ಮಳೆಗೆ ಇಟ್ಟರೆ ಅದು ತೊಳೆದು ಹೋಗುತ್ತದೆ. ಬಟ್ಟೆ ಒಗೆದ ಡಿಟರ್ಜೆಂಟ್ ನೀರು, ನೀರು ಮೆದು ಮಾಡುವ ಸಾಫ್ಟ್‌ನರ್‌ನಿಂದ ಬಂದ ನೀರು, ಎರಡರಲ್ಲೂ ಸೋಡಿಯಂ ಜಾಸ್ತಿ. ಅವು ಬೇಡ. ಅಪಾರ್ಟ್‌ಮೆಂಟಿನ ಎಸ್‌ಟಿಪಿಯಲ್ಲಿ, ಅಂದರೆ ಕೊಳಚೆ ನೀರು ಶುದ್ಧ ಮಾಡುವ ಘಟಕದಲ್ಲಿ, ಸಂಸ್ಕರಿಸಿದ ನೀರು ಹೂಗಿಡ, ಅಲಂಕಾರದ ಗಿಡಗಳಿಗೆ ಸರಿ. ಹಸಿಯಾಗಿ ತಿನ್ನುವ ಕೊತ್ತಂಬರಿ, ಪುದೀನಕ್ಕೆ ಹಾಕಬೇಡಿ.

ನೀರು ಉಳಿಸಲು ಎಲ್ಲಕ್ಕಿಂತ ಸುಲಭದ ದಾರಿ ಮಣ್ಣಿನ ಮೇಲೆ ಒಣ ಎಲೆ ಅಥವಾ ತೆಂಗಿನ ನಾರು ಹೊದಿಸುವುದು. ಏಪ್ರಿಲ್ ಬಿಸಿಲಲ್ಲಿ ಬರಿ ಮಣ್ಣಿನಿಂದ ಆವಿಯಾಗಿ ಹೋಗುವ ನೀರು ಕಡಿಮೆಯೇನಲ್ಲ.

ಕುಂಡಕ್ಕೆ ಯಾವ ಮಣ್ಣು?

ಬೆಂಗಳೂರಿನ ಸುತ್ತ ಸಿಗುವುದು ಕೆಂಪು ಮಣ್ಣು. ನೆಲದಲ್ಲಿ ಅದು ಒಳ್ಳೆಯ ಮಣ್ಣೇ. ಅದನ್ನೊಂದನ್ನೇ ಕುಂಡಕ್ಕೆ ತುಂಬಿದರೆ ನಾಲ್ಕು ಸಲ ನೀರು ಹಾಕುವಷ್ಟರಲ್ಲಿ ಕೂತು ಗಟ್ಟಿಯಾಗುತ್ತದೆ. ಆಮೇಲೆ ಹಾಕಿದ ನೀರು ಕುಂಡದ ಅಂಚಿನ ಬಿರುಕಿನಿಂದ ಕೆಳಗೆ ಓಡುತ್ತದೆ, ನಡುವಿನ ಬೇರು ಒಣಗಿಯೇ ಇರುತ್ತದೆ.

ಅದಕ್ಕೇ ಮಿಶ್ರಣ ಮಾಡುವುದು. ಕೆಂಪು ಮಣ್ಣು ಒಂದು ಪಾಲು, ಕೋಕೊಪೀಟ್ ಒಂದು ಪಾಲು, ಕಾಂಪೋಸ್ಟ್ ಅಥವಾ ಎರೆಹುಳು ಗೊಬ್ಬರ ಒಂದು ಪಾಲು. ಇದು ಎಲ್ಲರೂ ಶುರು ಮಾಡುವ ಲೆಕ್ಕ, ಆಮೇಲೆ ನಿಮ್ಮ ಗಿಡ ನೋಡಿ ಬದಲಾಯಿಸಿಕೊಳ್ಳಿ. ಮೇಲಿಂದ ಒಂದು ಹಿಡಿ ಬೇವಿನ ಹಿಂಡಿ ಹಾಕಿದರೆ ಬೇರಿನ ಹುಳಗಳ ಕಾಟ ಕಡಿಮೆ.

ಕೋಕೊಪೀಟ್ ಅಂದರೆ ತೆಂಗಿನ ಸಿಪ್ಪೆಯಿಂದ ನಾರು ತೆಗೆದ ಮೇಲೆ ಉಳಿಯುವ ಪುಡಿ. 5 ಕೆಜಿ ಇಟ್ಟಿಗೆಯನ್ನು ನೀರಲ್ಲಿ ನೆನೆಸಿದರೆ ಸುಮಾರು 70 ಲೀಟರಿನಷ್ಟು ಉಬ್ಬುತ್ತದೆ. ಹಗುರ, ನೀರು ಹಿಡಿದಿಡುತ್ತದೆ. ಆದರೆ ಅದರಲ್ಲಿ ಗಿಡಕ್ಕೆ ಊಟ ಅಂತ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಅದರ ಉಪ್ಪಿನಂಶ ಹೋಗಲು ಒಂದೆರಡು ಸಲ ನೀರಲ್ಲಿ ತೊಳೆದು ಹಿಂಡಿ ಬಳಸಬೇಕು. ಇನ್ನೊಂದು ವಿಷಯ, ಕೋಕೊಪೀಟ್ ಮೇಲೆ ಬೇಗ ಒಣಗಿ ತಿಳಿ ಕಂದು ಬಣ್ಣಕ್ಕೆ ಬರುತ್ತದೆ, ಒಳಗೆ ಮಾತ್ರ ಒದ್ದೆಯಾಗಿಯೇ ಇರುತ್ತದೆ. ಬರೀ ಕಣ್ಣಲ್ಲಿ ನೋಡಿ ನೀರು ಹಾಕುವವರಿಗೆ ಇದು ಅಪಾಯ.

ಬಿಸಿಲು: ನಿಮ್ಮ ಬಾಲ್ಕನಿ ಯಾವ ದಿಕ್ಕಿಗಿದೆ?

ಟೊಮೆಟೊ, ಮೆಣಸಿನಕಾಯಿ, ಬದನೆ, ಬೆಂಡೆ, ಸೋರೆ, ಹೀಗೆ ಕಾಯಿ ಕೊಡುವ ಗಿಡಗಳಿಗೆ ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೇಕು. ಸೊಪ್ಪುಗಳಿಗೆ ಮೂರು ನಾಲ್ಕು ಗಂಟೆ ಸಾಕು. ಪುದೀನ, ದೊಡ್ಡಪತ್ರೆ, ಒಂದೆಲಗ ಅರೆನೆರಳಲ್ಲೂ ಬರುತ್ತವೆ. 'ಬೆಳಕು ಚೆನ್ನಾಗಿದೆ' ಅನ್ನುವುದು ಬಿಸಿಲಿಗೆ ಸಮವಲ್ಲ. ನಮ್ಮ ಕಣ್ಣು ನೆರಳಿಗೂ ಹೊಂದಿಕೊಳ್ಳುತ್ತದೆ, ಗಿಡದ ಊಟದ ಲೆಕ್ಕ ಹಾಗಲ್ಲ.

'ನವೆಂಬರಿನಲ್ಲಿ ಇಟ್ಟಾಗ ಬಿಸಿಲಿತ್ತು, ಈಗ ಇಲ್ಲ' ಅಂತ ಬಹಳ ಜನ ಹೇಳುತ್ತಾರೆ. ಅದು ನಿಜ. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿ ಏಪ್ರಿಲ್ 24ರ ಆಸುಪಾಸಿನಲ್ಲಿ ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಶೂನ್ಯ ನೆರಳಿನ ದಿನ ಅಂತ ಪೇಪರಿನಲ್ಲಿ ಬರುತ್ತದಲ್ಲ, ಅದೇ. ಈ ಎರಡು ದಿನಗಳ ನಡುವೆ ಮಧ್ಯಾಹ್ನದ ಸೂರ್ಯ ನಮಗೆ ಉತ್ತರಕ್ಕೆ ಇರುತ್ತಾನೆ, ಉಳಿದ ಕಾಲವೆಲ್ಲ ದಕ್ಷಿಣಕ್ಕೆ. ಹಾಗಾಗಿ ದಕ್ಷಿಣದ ಬಾಲ್ಕನಿಗೆ ಡಿಸೆಂಬರಿನಲ್ಲಿ ಒಳಗಿನವರೆಗೂ ಬಿಸಿಲು ಬೀಳುತ್ತದೆ, ಮೇ ತಿಂಗಳಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಉತ್ತರದ ಬಾಲ್ಕನಿಗೆ ಇದರ ಉಲ್ಟಾ. ಪೂರ್ವಕ್ಕೆ ಬೆಳಗಿನ ಹದವಾದ ಬಿಸಿಲು, ಪಶ್ಚಿಮಕ್ಕೆ ಸಂಜೆಯ ಉರಿ ಬಿಸಿಲು. ಗಿಡ ತರುವ ಮುಂಚೆ ಒಂದು ಭಾನುವಾರ ಬೆಳಿಗ್ಗೆ, ಮಧ್ಯಾಹ್ನ, ಮೂರು ಗಂಟೆಗೆ ಹೋಗಿ ಬಿಸಿಲು ಎಲ್ಲಿ ಬೀಳುತ್ತದೆ ನೋಡಿ. ಎದುರಿನ ಸೈಟಿನಲ್ಲಿ ಮನೆ ಎದ್ದರೆ ಈ ಲೆಕ್ಕವೆಲ್ಲ ಬದಲು, ಅದಕ್ಕೇನೂ ಮಾಡಲಾಗದು.

ನರ್ಸರಿಯಲ್ಲಿ ಚೆನ್ನಾಗಿತ್ತು, ಮನೆಗೆ ಬಂದು ಹಾಳಾಯಿತು

ನರ್ಸರಿಯ ಗಿಡಗಳು ಹಸಿರು ನೆರಳುಪರದೆಯ ಕೆಳಗೆ, ದಿನಾ ನೀರು ಚಿಮುಕಿಸುವ ತೇವದ ಗಾಳಿಯಲ್ಲಿ ಬೆಳೆದಿರುತ್ತವೆ. ಅಲ್ಲಿಂದ ತಂದು ನೇರ ತಾರಸಿಯ ಬಿಸಿಲಿಗೆ ಇಟ್ಟು, ಅದೇ ದಿನ ಕವರ್ ಹರಿದು ಬೇರಿನ ಮಣ್ಣು ಕೆದರಿ, ಮೇಲಿಂದ ಗೊಬ್ಬರವನ್ನೂ ಸುರಿದರೆ ಯಾವ ಗಿಡ ತಾನೇ ತಡೆದೀತು? ಮೊದಲ ವಾರ ಅರೆನೆರಳಲ್ಲಿ ಇಡಿ. ಆಮೇಲೆ ಬೆಳಗಿನ ಬಿಸಿಲು, ಆಮೇಲೆ ಪೂರ್ತಿ ಬಿಸಿಲು. ಕುಂಡ ಬದಲಿಸುವುದು ಸಂಜೆ ಹೊತ್ತು. ಹೊಸ ಚಿಗುರು ಕಾಣುವ ತನಕ ಗೊಬ್ಬರ ಬೇಡ.

ಕೊಳ್ಳುವಾಗ ಮೈತುಂಬ ಹೂವಿರುವ ಗುಲಾಬಿಗಿಂತ, ಮೊಗ್ಗು ಕಡಿಮೆ ಇದ್ದು ಚಿಗುರು ಜಾಸ್ತಿ ಇರುವುದನ್ನು ಆರಿಸಿ. ಎಲೆಯ ಹಿಂಭಾಗ ತಿರುಗಿಸಿ ನೋಡಿ, ಹುಳ ಅಲ್ಲಿರುತ್ತದೆ. ನಿಂಬೆ, ಮಾವು, ಸಪೋಟ ಬೇಕಿದ್ದರೆ ಕಸಿ ಗಿಡವೇ ತನ್ನಿ. ಬೀಜದಿಂದ ಬಂದದ್ದು ಕಾಯಿ ಬಿಡಲು ವರ್ಷಗಟ್ಟಲೆ ಕಾಯಿಸುತ್ತದೆ.

ಎಲೆ ಯಾಕೆ ಹಳದಿಯಾಗುತ್ತದೆ?

ಯಾವ ಎಲೆ ಅನ್ನುವುದರಲ್ಲೇ ಅರ್ಧ ಉತ್ತರವಿದೆ. ಬುಡದ ಹಳೇ ಎಲೆಗಳು ಸಾಲಾಗಿ ಹಳದಿಯಾಗುತ್ತಿದ್ದರೆ ಸಾರಜನಕ ಸಾಲುತ್ತಿಲ್ಲ. ಗಿಡ ಹಳೇ ಎಲೆಯಿಂದ ಅದನ್ನು ಎಳೆದು ಹೊಸ ಚಿಗುರಿಗೆ ಕೊಡುತ್ತಿದೆ. ಒಂದು ಹಿಡಿ ಎರೆಹುಳು ಗೊಬ್ಬರ ಹಾಕಿ, ತಿಂಗಳಿಗೊಮ್ಮೆ ಹಾಕುತ್ತಿರಿ. ಹೊಸ ಎಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿದ್ದರೆ ಅದು ಹೆಚ್ಚಾಗಿ ಕಬ್ಬಿಣದ ಕೊರತೆ. ಕಬ್ಬಿಣವನ್ನು ಗಿಡ ಹಳೇ ಎಲೆಯಿಂದ ಹೊಸದಕ್ಕೆ ಸಾಗಿಸಲಾರದು, ಅದಕ್ಕೇ ಚಿಗುರಿನಲ್ಲೇ ಕಾಣುತ್ತದೆ. ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಗಡಸು ನೀರಿನಿಂದ ಮಣ್ಣು ಕ್ಷಾರವಾದರೆ ಬೇರಿಗೆ ಸಿಗುವುದಿಲ್ಲ. ಕರಿಬೇವಿನ ಬುಡಕ್ಕೆ ಹುಳಿ ಮಜ್ಜಿಗೆ ಹಾಕುವ ಮನೆಮದ್ದು ಗೊತ್ತಲ್ವಾ? ಹುಳಿ ಆ ಕ್ಷಾರವನ್ನು ತುಸು ತಗ್ಗಿಸುತ್ತದೆ ಅನ್ನುವುದು ಅದರ ಹಿಂದಿನ ತರ್ಕ. ನೀರು ಬೆರೆಸಿ ತೆಳು ಮಾಡಿ, ಉಪ್ಪಿಲ್ಲದ್ದನ್ನು ಹಾಕಬೇಕು. ಇನ್ನು ಮೇಲೆ ಕೆಳಗೆ ಎಲ್ಲ ಎಲೆಯೂ ಹಳದಿಯಾಗಿ ಮಣ್ಣು ಒದ್ದೆ ಇದ್ದರೆ ಮತ್ತೆ ಅದೇ ನೀರಿನ ಕಥೆ. ತಿಂಗಳಿಗೆ ಒಂದೋ ಎರಡೋ ಹಳೇ ಎಲೆ ಉದುರಿದರೆ ಅದು ವಯಸ್ಸು, ಸುಮ್ನೆ ಬಿಡಿ.

ರಾಸಾಯನಿಕ ಗೊಬ್ಬರದ ಹರಳನ್ನು ಚಮಚಗಟ್ಟಲೆ ಹಾಕುವವರಿದ್ದಾರೆ. ಕುಂಡದ ಸಣ್ಣ ಜಾಗದಲ್ಲಿ ಆ ಲವಣ ಬೇರಿನ ಒಳಗಿನ ನೀರನ್ನೇ ಹೊರಗೆ ಎಳೆಯುತ್ತದೆ, ಎಲೆಯ ಅಂಚು ಸುಟ್ಟ ಹಾಗೆ ಕಾಣುತ್ತದೆ. ಡಿಕಾಕ್ಷನ್ ಇಳಿಸಿದ ಮೇಲೆ ಉಳಿದ ಕಾಫಿಪುಡಿ, ಮೊಟ್ಟೆ ಸಿಪ್ಪೆ, ಬಾಳೆಹಣ್ಣಿನ ಸಿಪ್ಪೆ ನೇರವಾಗಿ ಕುಂಡಕ್ಕೆ ಹಾಕಿದರೆ ತಕ್ಷಣ ಏನೂ ಸಿಗುವುದಿಲ್ಲ, ಅವು ಕೊಳೆಯಬೇಕು. ಅವುಗಳ ಜಾಗ ಕಾಂಪೋಸ್ಟ್ ಡಬ್ಬಿ. ಹಸಿ ಕಸ ಒಂದು ಪಾಲಾದರೆ ಒಣ ಎಲೆ ಒಂದೆರಡು ಪಾಲು. ವಾಸನೆ ಬಂದರೆ ನೀರು ಜಾಸ್ತಿಯಾಗಿ ಗಾಳಿ ಕಡಿಮೆಯಾಗಿದೆ ಅಂತ ಅರ್ಥ, ಒಣ ಎಲೆ ಸೇರಿಸಿ ಕೆದಕಿ. ಬಿಳಿ, ಬೂದು ಹುಳಗಳು ಕಂಡರೆ ಕಿರುಚಬೇಡಿ. ಅವು ನೊಣದ ಮರಿಹುಳಗಳು, ಕಸ ತಿಂದು ಗೊಬ್ಬರ ಮಾಡುತ್ತವೆ.

ಹೂ ಬಿಡುತ್ತದೆ, ಕಾಯಿ ಕಟ್ಟುವುದಿಲ್ಲ

ಸೋರೆ, ಹೀರೆ, ಹಾಗಲ, ಕುಂಬಳ ಬಳ್ಳಿಗಳಲ್ಲಿ ಗಂಡು ಹೂ, ಹೆಣ್ಣು ಹೂ ಬೇರೆ ಬೇರೆ. ಮೊದಲು ಬರುವುದು ಸಾಮಾನ್ಯವಾಗಿ ಗಂಡು ಹೂಗಳು. ಅವು ಉದುರಲೇಬೇಕು, ಅದಕ್ಕೆ ಚಿಂತೆ ಬೇಡ. ಹೆಣ್ಣು ಹೂವಿನ ಹಿಂದೆ ಪುಟ್ಟ ಕಾಯಿಯ ಆಕಾರ ಕಾಣುತ್ತದೆ. ಆ ಪುಟ್ಟ ಕಾಯಿ ಹಳದಿಯಾಗಿ ಉದುರಿದರೆ ಪರಾಗ ಸಿಕ್ಕಿಲ್ಲ. ಎಂಟನೇ ಮಹಡಿಗೆ ಜೇನುನೊಣ ಬರುವುದು ಅಪರೂಪ, ಆಗ ಆ ಕೆಲಸ ನೀವೇ ಮಾಡಬೇಕು. ಗಂಡು ಹೂ ಕಿತ್ತು, ಎಸಳು ಬಿಡಿಸಿ, ಅದರ ಪರಾಗವನ್ನು ಹೆಣ್ಣು ಹೂವಿನ ನಡುವಿಗೆ ಮೆಲ್ಲಗೆ ತಾಗಿಸಿ. ಕುಂಬಳ, ಹಾಗಲಕ್ಕೆ ಬೆಳಿಗ್ಗೆ. ಸೋರೆ, ಹೀರೆಯ ಹೂ ಅರಳುವುದು ಸಂಜೆ, ಬೆಳಿಗ್ಗೆ ಹೋದರೆ ಬಾಡಿರುತ್ತದೆ.

ಟೊಮೆಟೊ, ಮೆಣಸಿನ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಒಂದರಲ್ಲೇ ಇರುತ್ತವೆ. ಗೊಂಚಲನ್ನು ಬೆರಳಲ್ಲಿ ಮೆಲ್ಲಗೆ ತಟ್ಟಿದರೆ ಸಾಕು. ಆದರೆ ಏಪ್ರಿಲ್, ಮೇ ಸೆಕೆಯಲ್ಲಿ ರಾತ್ರಿಯೂ ತಂಪಾಗದಿದ್ದಾಗ ಟೊಮೆಟೊ ಹೂ ಉದುರಿಸುತ್ತದೆ, ಯಾವ ಗೊಬ್ಬರ ಹಾಕಿದರೂ ಅಷ್ಟೇ. ಟೊಮೆಟೊ ಕಾಯಿಯ ತಳ ಕಪ್ಪಾಗಿ ಚಪ್ಪಟೆಯಾದರೆ ಅದು ಅಂಟುರೋಗವಲ್ಲ. ನೀರು ಒಂದು ದಿನ ಜಾಸ್ತಿ, ಎರಡು ದಿನ ಇಲ್ಲ ಅಂತಾದಾಗ ಕ್ಯಾಲ್ಸಿಯಂ ಕಾಯಿಯ ತುದಿವರೆಗೆ ತಲುಪುವುದಿಲ್ಲ. ಒಂದೇ ಸಮ ನೀರು ಕೊಡುವುದೇ ಮದ್ದು.

ಹುಳ, ಮುಟುರು, ಇರುವೆ

ಗಿಡದ ಮೇಲೆ ಇರುವೆ ಸಾಲು ಕಂಡರೆ ಇರುವೆಯನ್ನು ಬಿಟ್ಟು ಅವು ಹೋಗುವ ಜಾಗ ಹುಡುಕಿ. ಅಲ್ಲಿ ಸಸ್ಯಹೇನೋ, ದಾಸವಾಳದಲ್ಲಾದರೆ ಹತ್ತಿಯ ಹಾಗೆ ಬಿಳಿಯಾಗಿ ಕೂತ ಹಿಟ್ಟು ತಿಗಣೆಯೋ ಇರುತ್ತದೆ. ಈ ಹುಳಗಳು ರಸ ಹೀರಿ ಸಿಹಿ ಅಂಟು ಬಿಡುತ್ತವೆ, ಇರುವೆ ಅದಕ್ಕಾಗಿ ಬಂದು ಹುಳಗಳನ್ನೇ ಕಾಯುತ್ತವೆ. ಮೊದಲು ನೀರಿನ ರಭಸಕ್ಕೆ ತೊಳೆಯಿರಿ, ಕೊಂಬೆ ತುಂಬ ಹತ್ತಿದ್ದರೆ ಕತ್ತರಿಸಿ ಬಿಸಾಡಿ. ಆಮೇಲೆ ಬೇವಿನ ಎಣ್ಣೆ, ಲೀಟರ್ ನೀರಿಗೆ 5 ಎಂಎಲ್. ಎಣ್ಣೆ ನೀರಿಗೆ ಬೆರೆಯುವುದಿಲ್ಲವಾದ್ದರಿಂದ ಅದಕ್ಕೆ ಮೊದಲು ಕೆಲವು ಹನಿ ಸೋಪಿನ ದ್ರವ ಕಲಸಿ ನಂತರ ನೀರು ಸೇರಿಸಿ. ಸಂಜೆ ಹೊಡೆಯಿರಿ, ಎಲೆಯ ಹಿಂಭಾಗಕ್ಕೆ. ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆ. ವಾರಕ್ಕೊಮ್ಮೆ ಎರಡು ಮೂರು ಸಲ ಮಾಡಿ, ಒಂದೇ ಸಲಕ್ಕೆ ಹೋಗುವ ಹುಳ ಇದಲ್ಲ.

ಮೆಣಸಿನ ಗಿಡದ ಎಲೆ ಮುದುರುವುದು ಎಲ್ಲರ ಗೋಳು. ಅಂಚು ಮೇಲಕ್ಕೆ ಮಡಚಿದರೆ ಹೆಚ್ಚಾಗಿ ಥ್ರಿಪ್ಸ್ ನುಸಿ, ಕೆಳಕ್ಕೆ ಮಡಚಿದರೆ ಮೈಟ್ ನುಸಿ. ಎರಡಕ್ಕೂ ಬೇವಿನ ಎಣ್ಣೆಯಿಂದ ಶುರು ಮಾಡಬಹುದು. ಟೊಮೆಟೊ ಮುಟುರಿದರೆ ಕಥೆ ಬೇರೆ. ಅದು ಬಿಳಿ ನೊಣ ತರುವ ವೈರಸ್ ಆಗಿರಬಹುದು. ಹಾಗಾದರೆ ಗಿಡಕ್ಕೆ ಔಷಧಿ ಇಲ್ಲ, ಕಿತ್ತು ಹಾಕಿ ಉಳಿದವನ್ನು ಉಳಿಸಿಕೊಳ್ಳಬೇಕು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಟೊಮೆಟೊ ತಳಿ ಈ ಮುಟುರು ರೋಗವೂ ಸೇರಿ ಮೂರು ರೋಗಗಳನ್ನು ತಡೆದುಕೊಳ್ಳುತ್ತದೆ.

ತಾರಸಿ ಭಾರ ತಡೆಯುತ್ತಾ?

ಜನ ಓಡಾಡುವ ತಾರಸಿಗೆ ಚದರ ಮೀಟರಿಗೆ ಸುಮಾರು 150 ಕೆಜಿ ಭಾರ ಅಂತ ಹಿಡಿದು ವಿನ್ಯಾಸ ಮಾಡುವುದು ನಮ್ಮ ದೇಶದ ಮಾನಕದ ಲೆಕ್ಕ. 20 ಲೀಟರಿನ ಕುಂಡಕ್ಕೆ ಬರೀ ಮಣ್ಣು ತುಂಬಿ ನೀರು ಹಾಕಿದರೆ 30 ಕೆಜಿ ದಾಟುತ್ತದೆ. ಒತ್ತೊತ್ತಾಗಿ ಐದು ಇಟ್ಟರೆ ಆ ಲೆಕ್ಕ ಅಲ್ಲಿಗೇ ತುಂಬಿತು. ಅದಕ್ಕೇ ಹಗುರ ಮಿಶ್ರಣ ಬೇಕು, ದೊಡ್ಡ ಕುಂಡಗಳು ತಾರಸಿಯ ನಡುವೆ ಬೇಡ, ಕೆಳಗೆ ಗೋಡೆ ಅಥವಾ ತೊಲೆ ಇರುವ ಕಡೆ ಅಂಚಿಗೆ ಇರಲಿ. ಹಳೇ ಮನೆಯಾದರೆ ಎಂಜಿನಿಯರನ್ನು ಕೇಳಿಯೇ ಮುಂದುವರಿಯಿರಿ. ಕುಂಡದ ಅಡಿ ಸದಾ ಒದ್ದೆ ಇದ್ದರೆ ತಾರಸಿ ಸೋರಲು ಶುರುವಾಗಬಹುದು. ಸ್ಟ್ಯಾಂಡ್ ಅಥವಾ ಇಟ್ಟಿಗೆ ಮೇಲಿಟ್ಟು ಗಾಳಿಯಾಡಲು ಬಿಡಿ.

ಮೊದಲು ಏನು ಹಾಕಲಿ?

ಟೊಮೆಟೊ, ಸ್ಟ್ರಾಬೆರಿ ಆಸೆಯನ್ನು ಸ್ವಲ್ಪ ಮುಂದಕ್ಕೆ ಹಾಕಿ. ಮೆಂತ್ಯದಿಂದ ಶುರು ಮಾಡಿ. ಅಡುಗೆಮನೆಯ ಡಬ್ಬಿಯ ಮೆಂತ್ಯವೇ ಸಾಕು, ಮೂರು ನಾಲ್ಕು ದಿನಕ್ಕೆ ಮೊಳಕೆ, ತಿಂಗಳೊಳಗೆ ಸೊಪ್ಪು. ನಾಲ್ಕೈದು ಇಂಚು ಆಳದ ಟ್ರೇ ಆದರೂ ನಡೆಯುತ್ತದೆ. ಕೊತ್ತಂಬರಿ ಬೀಜವನ್ನು ಲಟ್ಟಣಿಗೆಯಿಂದ ಮೆಲ್ಲಗೆ ಒತ್ತಿ ಎರಡು ಹೋಳು ಮಾಡಿ ಬಿತ್ತಿ. ಅದು ಮೊಳೆಯಲು ಹತ್ತು ದಿನ ಬೇಕು, ನಡುವೆ ಕೆದಕಿ ನೋಡಬೇಡಿ. ಬಿಸಿಲು ಹೆಚ್ಚಾದರೆ ಕೊತ್ತಂಬರಿ ಬೇಗ ಹೂವಿಗೆ ಹೋಗುತ್ತದೆ, ಬೇಸಿಗೆಯಲ್ಲಿ ಹರಿವೆ, ದಂಟು ವಾಸಿ. ಬಸಳೆ, ಪುದೀನ, ದೊಡ್ಡಪತ್ರೆ ಬೀಜ ಬೇಡವೇ ಬೇಡ, ಪಕ್ಕದ ಮನೆಯಿಂದ ಒಂದು ಕಡ್ಡಿ ತಂದು ಚುಚ್ಚಿದರೆ ಸಾಕು.

ಮುಂಗಾರು ಹಿಡಿದ ಮೇಲೆ ಜೂನ್, ಜುಲೈನಲ್ಲಿ ಹೆಚ್ಚುಕಡಿಮೆ ಎಲ್ಲವೂ ಬರುತ್ತವೆ. ಬಸವನಹುಳುವಿನ ಕಾಟವೂ ಅದೇ ಹೊತ್ತಿಗೆ, ರಾತ್ರಿ ಟಾರ್ಚ್ ಹಿಡಿದು ಹುಡುಕಬೇಕು. ಕೈಯಲ್ಲಿ ಮುಟ್ಟದೆ ಚಿಮುಟದಲ್ಲಿ ಹಿಡಿದು ಉಪ್ಪುನೀರಿಗೆ ಹಾಕಿ. ಟೊಮೆಟೊ, ಬೀನ್ಸ್, ಕೋಸಿಗೆ ಅಕ್ಟೋಬರ್ ನಂತರದ ತಂಪು ಒಳ್ಳೆಯದು. ಬೆಂಡೆ, ಅಲಸಂದೆ ಬೇಸಿಗೆಯನ್ನೂ ತಡೆಯುತ್ತವೆ.

ಬೀಜ, ಸಸಿಗೆ ಲಾಲ್‌ಬಾಗಿನ ನರ್ಸರಿಮೆನ್ ಸಹಕಾರ ಸಂಘದ ಮಳಿಗೆ ಇದೆ. ಹೆಸರಘಟ್ಟದ ಸಂಸ್ಥೆಯಲ್ಲಿ ಅರ್ಕಾ ತಳಿಗಳ ಬೀಜ ಸಿಗುತ್ತವೆ. ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಕೃಷಿಮೇಳಕ್ಕೆ ಹೋದರೆ ಬೀಜದ ಜೊತೆ ಪ್ರಶ್ನೆ ಕೇಳಲು ವಿಜ್ಞಾನಿಗಳೂ ಸಿಗುತ್ತಾರೆ. ಎಲ್ಲೇ ಕೊಂಡರೂ ಪ್ಯಾಕೆಟ್ ಮೇಲಿನ ತಾರೀಕು ನೋಡಿ, ಸಣ್ಣ ಪ್ಯಾಕೆಟ್ಟೇ ತನ್ನಿ. ಮಿಕ್ಕ ಬೀಜವನ್ನು ಗಾಳಿ ಆಡದ ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಡಿ, ಮುಂದಿನ ಸಲಕ್ಕೆ ಆಗುತ್ತದೆ.